ಬೀಜಕ್ಕೆ ತಕ್ಕ ನೆಲ



ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಂಗ್ಲರ್, ಡಿಶರ್ ಮತ್ತು ಸಂಗಡಿಗರು ಮಾನವ ಅಸ್ಥಿಮಜ್ಜೆಯ ಸ್ಟೆಮ್ ಸೆಲ್‌ಗಳನ್ನು, ಅಂದರೆ ಕಾಂಡಕೋಶಗಳನ್ನು, ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿದರು. ಮಿದುಳಿನಷ್ಟು ಮೆತ್ತಗಿನ ಜೆಲ್ ಮೇಲಿದ್ದವು ನರಕೋಶದ ಲಕ್ಷಣ ತೋರಿದವು. ಬಿಗಿಯಾದುದರ ಮೇಲಿದ್ದವು ಸ್ನಾಯುವಿನ, ಇನ್ನೂ ಗಟ್ಟಿಯಾದುದರ ಮೇಲಿದ್ದವು ಎಲುಬಿನ ಲಕ್ಷಣ ತೋರಿದವು. ಪೋಷಕದ್ರವ ಮಾತ್ರ ಎಲ್ಲಕ್ಕೂ ಒಂದೇ!

ಬೆಳೆದ ನರಕ್ಕೂ ಎಳೆತ ತಪ್ಪಿದ್ದಲ್ಲ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಪುಣೆಯ ವಿಜ್ಞಾನಿಗಳೊಡನೆ ಸೇರಿ, ಕೋಳಿಭ್ರೂಣದ ನರತಂತುವನ್ನು ತೆಳುವಾದ ಗಾಜಿನ ಎಳೆಯಿಂದ ಜಗ್ಗಿ ನೋಡಿದರು. ಸ್ಪೆಕ್ಟ್ರಿನ್ ಎಂಬ ಪ್ರೋಟೀನು ಅಲ್ಲಿ ಕಾರಿನ ಶಾಕ್ ಅಬ್ಸಾರ್ಬರಿನಂತೆ ಎಳೆತವನ್ನು ತಾಳಿಕೊಳ್ಳುತ್ತದೆಂದು 2020ರಲ್ಲಿ ಪ್ರಕಟಿಸಿದರು.

ಬೀಜ ಒಳ್ಳೆಯದಾದರೆ ಸಾಲದು, ನೆಲವೂ ಹದವಾಗಿರಬೇಕು. ಪೆಟ್ಟಾದ ಮಿದುಳಿನಲ್ಲಿ ಆ ಹದವೇ ಕೆಟ್ಟಿರುತ್ತದೆ. ಆದ್ದರಿಂದ ಊರಿನಲ್ಲಿ ಪಾರ್ಶ್ವವಾಯುವಾದ ಹಿರಿಯರಿಗೆ ಸ್ಟೆಮ್ ಸೆಲ್ ಚುಚ್ಚುಮದ್ದು ಕೊಡುತ್ತೇವೆಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ದಮ್ಮಾಮಿನಿಂದ ಹಣ ಕಳಿಸುವ ಮುನ್ನ ಯೋಚಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಅದನ್ನು ಪಾರ್ಶ್ವವಾಯುವಿಗೆ ಕೊಡುವಂತಿಲ್ಲ.