ಕಾರ್ಡ್ ಇದೆ, ಕಂಪ್ಯೂಟರಿಗೆ ಕಾಣುತ್ತಿಲ್ಲ: ಹಾಜರಿ ಕರೆಯುವ ಯಂತ್ರದ ಕಥೆ



ಉಪಜಿಲ್ಲಾ ಐಟಿ ಮೇಳಕ್ಕೆ ಒಂದೇ ವಾರವಿತ್ತು. ಅನಿಮೇಶನ್ ಸ್ಪರ್ಧೆಗೆ ತಯಾರಾಗುತ್ತಿದ್ದ ನಮ್ಮ ಮಕ್ಕಳಿಗೆಂದು ಹಳೆ ವಿದ್ಯಾರ್ಥಿಯೊಬ್ಬ ತಾನು ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡೊಂದನ್ನು ತಂದುಕೊಟ್ಟ. ಲ್ಯಾಬಿನ ಒಂದು ಕಂಪ್ಯೂಟರಿಗೆ ಸಿಕ್ಕಿಸಿದೆವು. ಕಾರ್ಡಿನ ಫ್ಯಾನ್ ತಿರುಗಿತು. ಆದರೆ ಲಿನಕ್ಸಿಗೆ ಅಂಥದೊಂದು ಕಾರ್ಡ್ ಇದೆಯೆಂದೇ ಗೊತ್ತಿರಲಿಲ್ಲ. "ಸರ್, ಕಾರ್ಡ್ ಹಾಳಾಗಿದೆಯಾ?" ಎಂದು ಮಕ್ಕಳು ಮುಖ ಸಣ್ಣದು ಮಾಡಿದರು. ನಮಗೂ ಹಾಗೆಯೇ ಅನಿಸಿತ್ತು. ನಾವು ಓದಿದ್ದು ಇತಿಹಾಸ. ಕಂಪ್ಯೂಟರು ಕಾರ್ಡನ್ನು ಗುರುತಿಸಲು ಕಲಿತದ್ದು ಹೇಗೆ ಎಂದು ಹಿಂದಕ್ಕೆ ಹೋಗಿ ನೋಡಿದೆವು. ದಾರಿ ಅಲ್ಲೇ ಸಿಕ್ಕಿತು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಯಂತ್ರ ತಾನಾಗಿ ಹೆಚ್ಚೇನೂ ತಿಳಿದುಕೊಳ್ಳುತ್ತಿರಲಿಲ್ಲ. ಒಳಗಿರುವುದು ಬರೀ ಅಕ್ಷರ ತೋರಿಸುವ ಎಂಡಿಎ ಕಾರ್ಡೋ, ಬಣ್ಣದ ಸಿಜಿಎ ಕಾರ್ಡೋ ಎಂಬುದನ್ನು ಮದರ್‌ಬೋರ್ಡಿನ ಪುಟ್ಟ ಸ್ವಿಚ್ಚುಗಳನ್ನು ಆಚೀಚೆ ಮಾಡಿ ಮನುಷ್ಯನೇ ಹೇಳಬೇಕಿತ್ತು. ಬೇರೆ ಕಾರ್ಡುಗಳಿಗೂ ಜಂಪರ್ ಹಾಕಿ ಒಂದೊಂದು ವಿಳಾಸ ಕೊಡಬೇಕಿತ್ತು. ಎರಡಕ್ಕೆ ಒಂದೇ ವಿಳಾಸ ಬಿದ್ದರೆ ಜಗಳ ಶುರು.

1987ರಲ್ಲಿ ವಿಜಿಎ ಬಂತು. 640×480 ಚುಕ್ಕೆ, 16 ಬಣ್ಣ. ಮುಂದೆ ಬಂದ ತಯಾರಕರೆಲ್ಲ ಇದನ್ನು ಉಳಿಸಿಕೊಂಡರು. ಕಾರ್ಡಿನ ಪೂರ್ಣ ಪರಿಚಯವಿಲ್ಲದಿದ್ದರೂ ಒಂದು ಸಾದಾ ಚಿತ್ರವಂತೂ ಮೂಡುತ್ತದೆ ಎಂಬ ಪದ್ಧತಿ ಗಟ್ಟಿಯಾಯಿತು.

ದೊಡ್ಡ ಬದಲಾವಣೆ ಆದದ್ದು 1992ರಲ್ಲಿ, ಇಂಟೆಲ್ ಪಿಸಿಐ ತಂದಾಗ. ಅಂದಿನಿಂದ ಕಂಪ್ಯೂಟರು ಚಾಲೂ ಆದೊಡನೆ ನಮ್ಮ ಹಾಗೆಯೇ ಹಾಜರಿ ಕರೆಯುತ್ತದೆ. ಪ್ರತಿ ಸಾಧನವೂ ಎರಡು ಸಂಖ್ಯೆ ಹೇಳಬೇಕು: ಮಾಡಿದವರದ್ದು ಒಂದು, ಮಾದರಿಯದ್ದು ಇನ್ನೊಂದು. ಇಂಟೆಲ್‌ನ ಸಂಖ್ಯೆ 8086, ಅದರ 1978ರ ಪ್ರಸಿದ್ಧ ಚಿಪ್ಪಿನ ಹೆಸರೇ. ಎಎಂಡಿ ಕಾರ್ಡುಗಳದ್ದು 1002. 2006ರಲ್ಲಿ ಅದು ಕೊಂಡುಕೊಂಡ ಎಟಿಐ ಕಂಪೆನಿಯಿಂದ ಬಂದದ್ದು. ಉತ್ತರ ಬರದಿದ್ದರೆ ಅಲ್ಲಿ ಯಾರೂ ಇಲ್ಲ ಎಂದು ಲೆಕ್ಕ. 1995ರ ವಿಂಡೋಸ್ 95 ಈ ಸೌಲಭ್ಯವನ್ನು ಮನೆಮನೆಗೆ ಮುಟ್ಟಿಸಿತು. ಆಗಾಗ ಕೈಕೊಡುತ್ತಿದ್ದುದರಿಂದ "ಸಿಕ್ಕಿಸಿ, ದೇವರನ್ನು ಪ್ರಾರ್ಥಿಸಿ" ಎಂದು ಜನ ತಮಾಷೆ ಮಾಡಿದರು. 2003ರ ಪಿಸಿಐ ಎಕ್ಸ್‌ಪ್ರೆಸ್ ಕೂಡ ಇದೇ ಹಾಜರಿ ಪದ್ಧತಿಯನ್ನು ಉಳಿಸಿಕೊಂಡಿದೆ.

ಹಾಗಾದರೆ ಕಾರ್ಡ್ ಕಾಣುವುದಿಲ್ಲ ಎಂದರೆ ಎರಡು ಬೇರೆ ಬೇರೆ ತೊಂದರೆ ಇರಬಹುದು. ಒಂದು, ಹಾಜರಿಗೆ ಉತ್ತರವೇ ಬಂದಿಲ್ಲ. ಎರಡು, ಉತ್ತರ ಬಂದಿದೆ, ಆದರೆ ಅದರ ಜೊತೆ ಮಾತಾಡಬಲ್ಲ ಡ್ರೈವರ್ ಇಲ್ಲ.

ಲಿನಕ್ಸಿನಲ್ಲಿ ಹಾಜರಿ ಪುಸ್ತಕ ತೆರೆಯುವ ಆದೇಶ ಎಲ್‌ಎಸ್‌ಪಿಸಿಐ. ಕೊಟ್ಟು ನೋಡಿದರೆ ಪಟ್ಟಿಯಲ್ಲಿ ನಮ್ಮ ಕಾರ್ಡಿನ ಹೆಸರೇ ಇಲ್ಲ. ಅಂದರೆ ಈ ಹಂತದಲ್ಲಿ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡ್ ಹೊರತೆಗೆದೆವು. ಅದರ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕಪ್ಪು ಕಲೆ. ಹುಡುಗಿಯೊಬ್ಬಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆವು. ಈ ಸಲ ಪಟ್ಟಿಯಲ್ಲಿ ಹೆಸರು ಬಂತು! ಮಕ್ಕಳು ಚಪ್ಪಾಳೆ ತಟ್ಟಿದರು.

ಆದರೆ ಪರದೆಯ ಅಕ್ಷರಗಳು ಇನ್ನೂ ದಪ್ಪ, ಮಂಕು. ಅದೇ ಆದೇಶಕ್ಕೆ 'ಕೆ' ಸೇರಿಸಿ ಕೇಳಿದರೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದು ತಿಳಿಯುತ್ತದೆ. ಯಾವುದೂ ಇರಲಿಲ್ಲ. ಕಾರಣ ಹುಡುಕುತ್ತ ಹೋದರೆ ತಪ್ಪು ನಮ್ಮದೇ. ವರ್ಷದ ಹಿಂದೆ ಇದೇ ಕಂಪ್ಯೂಟರಿನ ಪರದೆ ಕಪ್ಪಾದಾಗ ಗ್ರಬ್ ಕಡತದಲ್ಲಿ 'ನೋಮೋಡ್‌ಸೆಟ್' ಎಂಬ ಪದ ಸೇರಿಸಿ, ಮರೆತುಬಿಟ್ಟಿದ್ದೆವು. ಡ್ರೈವರುಗಳು ಪರದೆಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳದಂತೆ ತಡೆಯುವ ಪದ ಅದು. ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ಪುನಃ ಚಾಲೂ ಮಾಡಿದೆವು. ಪರದೆ ಸ್ಫಟಿಕದಂತೆ ಬೆಳಗಿತು.

ಸಂಜೆ ಮನೆಗೆ ನಡೆಯುವಾಗ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ನಮ್ಮ ಭಾಷೆ ಬಲ್ಲವರು ಎದುರಿಗಿರುವುದು ಬೇರೆ. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದಾಗ ಏನಾಗುತ್ತದೆಂದು ಕಾಸರಗೋಡಿನವರಾದ ನಮಗೆ ಯಾರೂ ಹೇಳಬೇಕಾಗಿಲ್ಲ. ಹಾಜರಿಯಲ್ಲಿ ಮಗು ಇರುತ್ತದೆ, ಪಾಠದಲ್ಲಿ ಇರುವುದಿಲ್ಲ. ಮಗು ದಡ್ಡ ಎಂದು ಬರೆದುಬಿಡುವುದು ಸುಲಭ. ಕಾರ್ಡನ್ನೂ ನಾವು ಹಾಗೆಯೇ ಗುಜರಿಗೆ ಹಾಕುವುದರಲ್ಲಿದ್ದೆವು.

ನಿಮ್ಮ ಶಾಲೆಯ ಲ್ಯಾಬಿನಲ್ಲೂ ಇಂಥ ಕಾರ್ಡ್ ಮೂಲೆಯಲ್ಲಿದ್ದರೆ ಬಿಸಾಡಬೇಡಿ. ಮೊದಲು ಹಾಜರಿ ನೋಡಿ, ಆಮೇಲೆ ಡ್ರೈವರ್ ನೋಡಿ.