ಫೋರ್ಡ್ ಸಾಹೇಬರ ಧಾರಾಳ, ಡಾಡ್ಜ್ ಸಹೋದರರ ದುಡ್ಡು

ಕಂಪನಿ ಇರೋದು ಯಾರಿಗಾಗಿ? ಷೇರುದಾರನಿಗಾ, ದುಡಿಯೋನಿಗಾ, ಊರಿಗಾ? ಸಿಎಸ್‌ಆರ್ ಬಗ್ಗೆ ಚರ್ಚೆಗೆ ಕೂತಾಗಲೆಲ್ಲ ನನಗೆ ನೆನಪಾಗೋದು ಅಮೆರಿಕದ ಮಿಷಿಗನ್‌ನ ಒಂದು ಹಳೇ ಕೇಸು.

1916. ಹೆನ್ರಿ ಫೋರ್ಡ್ ಅವರ ಖಜಾನೆ ತುಂಬಿ ತುಳುಕುತ್ತಿತ್ತು. ಅವರು ಮಾಡೆಲ್ ಟಿ ಕಾರಿನ ಬೆಲೆಯನ್ನು 440 ಡಾಲರ್‌ನಿಂದ 360ಕ್ಕೆ ಇಳಿಸಿಬಿಟ್ಟರು. ಇನ್ನು ವಿಶೇಷ ಡಿವಿಡೆಂಡ್ ಇಲ್ಲ, ಲಾಭವೆಲ್ಲ ಕಾರ್ಖಾನೆ ಬೆಳೆಸೋಕೆ, ಹೆಚ್ಚು ಜನರಿಗೆ ಕೆಲಸ ಕೊಡೋಕೆ ಅಂದರು. 1914ರಲ್ಲೇ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿ ಹೆಸರು ಮಾಡಿದ್ದ ಮನುಷ್ಯ. (ಆ ಕೂಲಿ ಬೇಕಾದರೆ ಕಾರ್ಮಿಕ ಕುಡೀತಾನಾ, ಮನೆ ಚೊಕ್ಕಟವಾಗಿದೆಯಾ ಅಂತ ಕಂಪನಿಯವರು ಮನೆಗೇ ಬಂದು ನೋಡ್ತಿದ್ರು, ಅದು ಬೇರೆ ಮಾತು!)

ಶೇ. 10ರಷ್ಟು ಪಾಲಿದ್ದ ಜಾನ್ ಮತ್ತು ಹೊರೇಸ್ ಡಾಡ್ಜ್ ಕೋರ್ಟಿಗೆ ಹೋದರು. ನಮ್ಮ ಲಾಭದಲ್ಲಿ ನೀವು ದಾನ ಮಾಡೋದು ಯಾವ ನ್ಯಾಯ ಅನ್ನೋದು ಅವರ ವಾದದ ತಿರುಳು. ಅವರದೇನು ತಪ್ಪು ಸ್ವಾಮಿ? ಹಾಗಂತ ಫೋರ್ಡ್ ಕೂಡ ಸಂತರಲ್ಲ. ಡಾಡ್ಜ್‌ಗಳು ಆಗಲೇ ಸ್ವಂತ ಕಾರು ತಯಾರಿಸ್ತಿದ್ರು; ಡಿವಿಡೆಂಡ್ ನಿಂತರೆ ಎದುರಾಳಿಯ ಬಂಡವಾಳವೂ ನಿಲ್ಲುತ್ತೆ. ಆದರೂ ಕಟಕಟೆಯಲ್ಲಿ ನಿಂತು, ಎಲ್ಲರಿಗೂ ಒಳ್ಳೇದು ಮಾಡೋದೇ ಕಂಪನಿಯ ಉದ್ದೇಶ, ಲಾಭ ಅದರ ಜೊತೆಗೆ ಬರುವಂಥದ್ದು ಅಂದರು. ಕೇಸು ಕೆಡಿಸಿದ್ದು ಆ ಮಾತೇ ಅಂತ ನನ್ನ ಅನಿಸಿಕೆ. ವ್ಯಾಪಾರದ ಲೆಕ್ಕ ಹೇಳಿದ್ದರೆ ಬಹುಶಃ ಗೆಲ್ತಿದ್ರು!

1919ರ ಫೆಬ್ರವರಿಯಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಕಂಪನಿ ಮುಖ್ಯವಾಗಿ ಷೇರುದಾರರ ಲಾಭಕ್ಕಾಗಿಯೇ ನಡೆಯಬೇಕು. 1.9 ಕೋಟಿ ಡಾಲರ್‌ಗೂ ಹೆಚ್ಚು ಡಿವಿಡೆಂಡ್ ಹಂಚಿ ಅಂತ ಆದೇಶವಾಯ್ತು. ಆದರೆ ಕಾರ್ಖಾನೆ ವಿಸ್ತರಣೆಗೆ ತಡೆ ಕೊಡಲಿಲ್ಲ, ನ್ಯಾಯಾಧೀಶರು ವ್ಯಾಪಾರ ಬಲ್ಲವರಲ್ಲ ಅಂತ ತೀರ್ಪಿನಲ್ಲೇ ಒಪ್ಪಿಕೊಂಡರು. ಚರ್ಚೆಗೆ ಬರೋ ಪಂಡಿತರು ಈ ಅರ್ಧವನ್ನು ಹೇಳೋದೇ ಇಲ್ಲ. ಅದೇ ವರ್ಷ ಫೋರ್ಡ್ ಉಳಿದವರ ಷೇರನ್ನೆಲ್ಲ ಕೊಂಡು ಕೇಳೋರೇ ಇಲ್ಲದಂತೆ ಮಾಡಿಕೊಂಡರು. 1903ರಲ್ಲಿ 10 ಸಾವಿರ ಡಾಲರ್ ಹೂಡಿದ್ದ ಡಾಡ್ಜ್‌ಗಳಿಗೆ ಸಿಕ್ಕಿದ್ದು 2.5 ಕೋಟಿ ಡಾಲರ್!

1970ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಹೆಚ್ಚುಕಮ್ಮಿ ಡಾಡ್ಜ್‌ಗಳ ವಾದವನ್ನೇ ಸಿದ್ಧಾಂತ ಮಾಡಿದರು. ನಾವು ಉಲ್ಟಾ ಹೋದೆವು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡೋ ಕಂಪನಿಯೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಎತ್ತಿಡಬೇಕು. ತಮಾಷೆ ಏನು ಗೊತ್ತಾ? ಸ್ವಂತ ನೌಕರರಿಗಷ್ಟೇ ಮಾಡಿದ ಖರ್ಚು, ಮಾಮೂಲಿ ವ್ಯಾಪಾರದ ಖರ್ಚು ಸಿಎಸ್‌ಆರ್ ಅಲ್ಲ ಅನ್ನುತ್ತೆ ನಮ್ಮ ನಿಯಮ. ಅಂದ್ರೆ ಫೋರ್ಡ್ ಅವರ 5 ಡಾಲರ್ ಕೂಲಿ, ಅಗ್ಗದ ಕಾರು ಎರಡೂ ಇಲ್ಲಿ ಲೆಕ್ಕಕ್ಕೇ ಬರ್ತಿರಲಿಲ್ಲ.