ಉಮಾಶ್ರೀ: ರೀಲಿನಲ್ಲಿ ಉಳಿದದ್ದು, ರಂಗದಲ್ಲಿ ಕಳೆದದ್ದು

‘ಹಾಸ್ಯನಟಿಗೆ ಕೊನೆಗೂ ಒಂದು ಒಳ್ಳೆಯ ಪಾತ್ರ ಸಿಕ್ಕಿತು.’ ಉಮಾಶ್ರೀ ಅವರಿಗೆ ಬಂದ ರಾಷ್ಟ್ರಪ್ರಶಸ್ತಿಯ ಮಾತು ಬಂದಾಗಲೆಲ್ಲ ಈ ಧಾಟಿ ಇವತ್ತಿಗೂ ಕೇಳಿಸುತ್ತದೆ. ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಅವರು 2007ನೇ ಸಾಲಿನ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಕನ್ನಡ ಚಿತ್ರವೊಂದರ ಪಾತ್ರಕ್ಕೆ ಈ ಪ್ರಶಸ್ತಿ ಅದಕ್ಕೂ ಮೊದಲು ಬಂದದ್ದು ‘ಕಾಡು’ವಿನ ನಂದಿನಿ ಭಕ್ತವತ್ಸಲ ಮತ್ತು ‘ಹಸೀನಾ’ದ ತಾರಾ ಅವರಿಗೆ ಮಾತ್ರ. ಇಷ್ಟು ದೊಡ್ಡ ಗೌರವವನ್ನು ‘ಕೊನೆಗೂ’ ಎಂಬ ಒಂದು ಪದ ಆಕಸ್ಮಿಕದಂತೆ ಕಾಣಿಸಿಬಿಡುತ್ತದೆ. ಅದು ಆಕಸ್ಮಿಕವಾಗಿರಲಿಲ್ಲ ಎಂಬುದಕ್ಕೆ ಇರುವ ಸಾಕ್ಷ್ಯ ಹೆಚ್ಚಿನಂಶ ಸಿನಿಮಾದ ಹೊರಗಿದೆ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. 1984ರಲ್ಲಿ ತೆರೆಕಂಡ ಕಾಶೀನಾಥ್ ಅವರ ‘ಅನುಭವ’ ಅವರನ್ನು ನಾಡಿಗೆಲ್ಲ ಪರಿಚಯಿಸಿತು. ಆ ಪಾತ್ರದ ದಿಟ್ಟತನವನ್ನು ಜನ ಮೆಚ್ಚಿಕೊಂಡರು, ಉದ್ಯಮ ಅದನ್ನೇ ಒಂದು ಅಚ್ಚು ಮಾಡಿಕೊಂಡಿತು. ಮುಂದಿನ ವರ್ಷಗಳಲ್ಲಿ ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್ ಅವರಂಥ ನಟರ ಜೊತೆ ಹಾಸ್ಯದ ಟ್ರ್ಯಾಕ್‌ಗಳು ಬಂದವು. ಕಥೆಗೂ ಈ ದೃಶ್ಯಗಳಿಗೂ ಅನೇಕ ಸಲ ಸಂಬಂಧವೇ ಇರುತ್ತಿರಲಿಲ್ಲ, ದ್ವಂದ್ವಾರ್ಥದ ಮಾತೇ ಬಂಡವಾಳ. ಬಡವರ ಮನೆಯ ಹೆಂಗಸು, ಹಳ್ಳಿಯ ಮಾತು, ನಾಯಕಿಯದಲ್ಲದ ಮೈಕಟ್ಟು: ಇವನ್ನು ತೆರೆಯ ಮೇಲೆ ತಂದರೆ ನಗಿಸಲಿಕ್ಕೇ ತರಬೇಕು ಎಂಬುದು ಆ ಕಾಲದ ಜನಪ್ರಿಯ ಸಿನಿಮಾದ ಅಲಿಖಿತ ನಿಯಮವಾಗಿತ್ತು.

1995ರ ‘ಪುಟ್ನಂಜ’ ಈ ನಿಯಮದ ಇನ್ನೊಂದು ಮುಖ. ಅದರಲ್ಲಿ ಉಮಾಶ್ರೀ ನಾಯಕ ರವಿಚಂದ್ರನ್ ಅವರ ಅಜ್ಜಿ ಪುಟ್ಮಲ್ಲಿ. ಆಗ ಅವರ ವಯಸ್ಸು ಮೂವತ್ತೆಂಟರ ಆಸುಪಾಸು, ಮೊಮ್ಮಗನಾದ ನಟನಿಗಿಂತ ಕೇವಲ ನಾಲ್ಕು ವರ್ಷಕ್ಕೆ ದೊಡ್ಡವರು. ಪ್ರೇಕ್ಷಕರು ಆ ಅಜ್ಜಿಯನ್ನು ಮನಸಾರೆ ಒಪ್ಪಿಕೊಂಡರು. ಮೂವತ್ತೆಂಟರ ನಟನೊಬ್ಬ ಕಾಲೇಜು ಹುಡುಗನಾಗುವ ಉದ್ಯಮದಲ್ಲಿ ಅದೇ ವಯಸ್ಸಿನ ನಟಿಗೆ ಸಿಕ್ಕಿದ್ದು ನರೆಗೂದಲು.

ರಂಗಭೂಮಿಯಲ್ಲಿ ಲೆಕ್ಕ ಬೇರೆಯೇ ಇತ್ತು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ, ಅಂದರೆ ಎಲ್ಲರ ಸಿಜಿಕೆ, ರಂಗಕ್ಕೆ ತಂದಾಗ ಸಾಕವ್ವನಾದವರು ಉಮಾಶ್ರೀ. ಕಳೆದುಹೋದ ಒಂದು ಹುಂಜಕ್ಕಾಗಿ ಕೇರಿಯನ್ನೆಲ್ಲ ಜಾಲಾಡುವ ಮುದುಕಿ ಆಕೆ. ಅವಳ ಬೈಗುಳ ಕೇಳಿದರೆ ನಗು ಬರುತ್ತದೆ. ಆ ಹುಂಜದಾಚೆ ಆ ಮನೆಯಲ್ಲಿ ಕಳೆದುಕೊಳ್ಳಲು ಏನೂ ಉಳಿದಿಲ್ಲ ಎಂದು ಹೊಳೆದಾಗ ನಗು ನಿಂತುಬಿಡುತ್ತದೆ. ಸಿನಿಮಾ ಯಾವ ಮಾತುಗಾರಿಕೆಯನ್ನು ಚಿಲ್ಲರೆ ನಗುವಿಗೆ ಬಳಸಿಕೊಂಡಿತೋ ಅದೇ ಮಾತುಗಾರಿಕೆ ಇಲ್ಲಿ ಒಂದು ಸಮುದಾಯದ ಹಸಿವನ್ನು ಹೊತ್ತು ನಿಂತಿತ್ತು. ಆ ಪ್ರಯೋಗವನ್ನು ಕಂಡವರಿಗೆ ಉಮಾಶ್ರೀ ಎಂದರೆ ಇಂದಿಗೂ ಮೊದಲು ಸಾಕವ್ವ, ಉಳಿದದ್ದೆಲ್ಲ ಆಮೇಲೆ.

‘ಗುಲಾಬಿ ಟಾಕೀಸ್’ ಬಂದದ್ದು ಈ ಎರಡು ದಾರಿಗಳು ಕೂಡಿದ ಜಾಗದಲ್ಲಿ. ವೈದೇಹಿ ಅವರ ಕಥೆಯನ್ನು ಆಧರಿಸಿದ ಈ ಚಿತ್ರದ ಗುಲಾಬಿ ಕುಂದಾಪುರ ಕಡೆಯ ಕಡಲತೀರದ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದ್ದಾನೆ. ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಮನೆಗೆ ಟಿವಿ ಬರುತ್ತದೆ, ಓಣಿಯ ಹೆಂಗಸರೆಲ್ಲ ಬರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಕಾಲ, ಮೀನುಗಾರಿಕೆಯ ಪೈಪೋಟಿ, ಕೋಮು ದ್ವೇಷ ಎಲ್ಲ ಸೇರಿ ಕೊನೆಗೆ ಗುಲಾಬಿಯನ್ನೇ ಊರು ಬಿಡಿಸುತ್ತವೆ. ಸಿನಿಮಾ ನೋಡುವ ಆಸೆಯಲ್ಲಿ ಮಗುವಿನಂತಾಗುವ ಗುಲಾಬಿಯ ಉತ್ಸಾಹವನ್ನು ಗಮನಿಸಿ. ಪ್ರೇಕ್ಷಕರನ್ನು ನಗಿಸಿ ಪಳಗಿದ ನಟಿಗೆ ಮಾತ್ರ ಸಾಧ್ಯವಾಗುವ ಹಗುರತನ ಅದು. ಆ ಹಗುರತನ ಇಲ್ಲದಿದ್ದರೆ ಕೊನೆಯ ಏಟು ಅಷ್ಟು ನೋಯಿಸುತ್ತಿರಲಿಲ್ಲ. ಹಾಸ್ಯವನ್ನು ಬಿಟ್ಟು ಬಂದು ಅವರು ಗುಲಾಬಿಯಾಗಲಿಲ್ಲ, ಹಾಸ್ಯವನ್ನೂ ಸಾಕವ್ವನನ್ನೂ ಜೊತೆಗೇ ತಂದರು.

ಇಂಥ ತಪ್ಪು ಲೆಕ್ಕ ಕನ್ನಡಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಮೇರಿ ಡ್ರೆಸ್ಲರ್ ದಶಕಗಳ ಕಾಲ ಬ್ರಾಡ್‌ವೇ ಮತ್ತು ವಾಡ್‌ವಿಲ್ ರಂಗಗಳಲ್ಲಿ ದಪ್ಪ ಮೈಯನ್ನೇ ಹಾಸ್ಯದ ಸಾಮಗ್ರಿ ಮಾಡಿಕೊಂಡು ದುಡಿದವರು. 1914ರಲ್ಲಿ ಚಾಪ್ಲಿನ್ ಜೊತೆ ನಟಿಸಿದ ಚಿತ್ರವೂ ಹಾಸ್ಯದ್ದೇ. 1931ರಲ್ಲಿ, ಅರವತ್ತು ದಾಟಿದ ಮೇಲೆ, ‘ಮಿನ್ ಅಂಡ್ ಬಿಲ್’ ಚಿತ್ರದ ಹಡಗುಕಟ್ಟೆಯ ಹೋಟೆಲಿನ ಒಡತಿಯ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಅವರ ರೀಲುಗಳನ್ನು ನಾವು ಈಗಲೂ ನೋಡಬಹುದು, ಆ ನಟನೆಯನ್ನು ಕಡೆದ ಸಾವಿರಾರು ರಾತ್ರಿಗಳ ರಂಗವನ್ನು ನೋಡಲಾಗದು.

ಚರಿತ್ರೆ ಬರೆಯುವವರಿಗೆ ಎದುರಾಗುವ ತೊಡಕು ಇದೇ. ಉಳಿದಿರುವ ಸಾಮಗ್ರಿಯನ್ನೇ ಇಡೀ ಬದುಕು ಎಂದು ಓದುವ ಅಪಾಯ ಸದಾ ಇರುತ್ತದೆ. ಉಮಾಶ್ರೀ ಅವರ ಹಾಸ್ಯದ ತುಣುಕುಗಳು ಮೊಬೈಲಿನಲ್ಲಿ ಬೆರಳ ತುದಿಗೆ ಸಿಗುತ್ತವೆ, ನಾಟಕ ಆಯಾ ರಾತ್ರಿಯ ಪರದೆಯ ಜೊತೆಗೇ ಮುಗಿಯುತ್ತದೆ. ನಟಿಗೆ ಹೆಚ್ಚು ಗೌರವ ಕೊಟ್ಟ ಮಾಧ್ಯಮ ಕಡಿಮೆ ಕುರುಹು ಬಿಟ್ಟಿದೆ, ಅವಳನ್ನು ಅಗ್ಗವಾಗಿ ಬಳಸಿಕೊಂಡ ಮಾಧ್ಯಮ ಹೆಚ್ಚು ಕುರುಹು ಬಿಟ್ಟಿದೆ.

ನಾನಿರುವ ರಾಜಗೋಪಾಲನಗರ ಪೀಣ್ಯದ ಮಗ್ಗುಲಲ್ಲಿದೆ. ಗುಬ್ಬಿ, ತಿಪಟೂರು, ಶಿರಾ ಕಡೆಯಿಂದ ತುಮಕೂರು ರಸ್ತೆ ಹಿಡಿದು ಬಂದು ಇಲ್ಲಿನ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು ಬಹಳ. ಇಲ್ಲಿನ ಮನೆಗಳಲ್ಲಿ ಉಮಾಶ್ರೀ ಎಂದರೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ: ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವವಳು. ಸಾಕವ್ವ, ಗುಲಾಬಿ, ಪುಟ್ಟಕ್ಕ ಮೂವರೂ ಒಲೆಯ ಮುಂದೆ ಕೂತೇ ಜಗತ್ತಿನೊಂದಿಗೆ ಜಗಳಕ್ಕೆ ನಿಂತವರು. ವಿಮರ್ಶೆಗೆ ಕಾಣದ ಈ ನಂಟು ನೋಡುಗರಿಗೆ ಸಲೀಸಾಗಿ ಕಂಡಿದೆ.

2013ರಲ್ಲಿ ತೇರದಾಳದಿಂದ ಗೆದ್ದು ಉಮಾಶ್ರೀ ಕನ್ನಡ ಮತ್ತು ಸಂಸ್ಕೃತಿ ಸಚಿವರಾದರು. ಅಧಿಕಾರ ಮುಗಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದೊಂದಿಗೆ ರಂಗಕ್ಕೆ ಮರಳಿದರು. ಶರ್ಮಿಷ್ಠೆ ಅರಸುಮಗಳಾಗಿ ಹುಟ್ಟಿ ದೇವಯಾನಿಯ ದಾಸಿಯಾದವಳು. ಸಿನಿಮಾ ಎಂದೂ ಅರಸುಮಗಳಾಗಿಸದ ನಟಿ ಒಬ್ಬಳೇ ರಂಗವನ್ನೆಲ್ಲ ತುಂಬಿಕೊಂಡು ಆ ಕಥೆ ಹೇಳುತ್ತಾಳೆ.

‘ಒಡಲಾಳ’ ನೋಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ಸಾಕವ್ವ ಹೇಗೆ ಕೂರುತ್ತಿದ್ದಳು, ಯಾವ ಮಾತಿಗೆ ಸಭೆ ನಗುತ್ತಿತ್ತು, ಎಲ್ಲಿ ಸುಮ್ಮನಾಗುತ್ತಿತ್ತು ಎಂಬುದು ಅವರ ನೆನಪಿನಲ್ಲಿದೆ. ರಂಗಭೂಮಿಯ ವಿದ್ಯಾರ್ಥಿಗಳು ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾದ ಕಾಲ ಇದು. ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಈ ನಟಿಯ ಚರಿತ್ರೆಯಾಗಿ ಉಳಿಯುವುದು ಉದ್ಯಮ ಆರಿಸಿಕೊಟ್ಟ ತುಣುಕುಗಳು ಮಾತ್ರ.